ಕಂಪ್ಯೂಟರಿನಲ್ಲಿ ಸರಿ, ಫೋನಿನಲ್ಲಿ ಕೆಟ್ಟ ಕನ್ನಡ ಪುಟ: ದೋಷ ಹುಡುಕುವ ಕ್ರಮ

ದೂರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬರುತ್ತದೆ: "ನಿಮ್ಮ ಸೈಟ್ ನನ್ನ ಮೊಬೈಲಲ್ಲಿ ಸರಿಯಾಗಿ ಕಾಣ್ತಿಲ್ಲ ಸಾರ್." ಇಷ್ಟನ್ನೇ ಹಿಡಿದು ಸಿಎಸ್‌ಎಸ್ ಫೈಲ್ ತೆರೆದು ಕೂತರೆ ಸಂಜೆಯಾದರೂ ದೋಷ ಸಿಗುವುದಿಲ್ಲ. ಕೆಟ್ಟಿರುವುದು ಅಕ್ಷರವೋ, ಚೌಕಟ್ಟೋ (ಪುಟದ ವಿನ್ಯಾಸ), ಸ್ಕ್ರಿಪ್ಟೋ (ಜಾವಾಸ್ಕ್ರಿಪ್ಟ್ ಕೋಡ್), ಇಲ್ಲಾ ಆ ಫೋನಿನಲ್ಲಿ ಉಳಿದುಕೊಂಡಿರುವ ಹಳೆಯ ಪ್ರತಿಯೋ ಎಂಬುದು ಮೊದಲು ಗೊತ್ತಾಗಬೇಕು. ಇಂಗ್ಲಿಷ್ ಸೈಟಿನಲ್ಲಿ ಅಕ್ಷರ ಕೆಡುವುದು ಅಪರೂಪ. ಕನ್ನಡ ಸೈಟಿನಲ್ಲಿ ಮೊದಲು ಅನುಮಾನಿಸಬೇಕಾದದ್ದೇ ಅದನ್ನು. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ದೂರು ಕೊಟ್ಟವರಿಂದ ಕೇಳಬೇಕಾದದ್ದು

ವಿಳಾಸ ಪಟ್ಟಿಯೂ ಸೇರಿದಂತೆ ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ಕೇಳಿ. ಕತ್ತರಿಸಿ ಕಳಿಸಿದ ಚಿತ್ರದಿಂದ ಯಾವ ಬ್ರೌಸರ್ ಎಂದೇ ತಿಳಿಯುವುದಿಲ್ಲ. ಲಿಂಕನ್ನು ಎಲ್ಲಿಂದ ಒತ್ತಿದರು ಎಂದೂ ಕೇಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಳಗಿಂದ ಒತ್ತಿದರೆ ಪುಟ ಆ ಆ್ಯಪ್‌ನ ಒಳಗಿನ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಲ್ಲಿ ಡೌನ್‌ಲೋಡ್, ಫೈಲ್ ಅಪ್‌ಲೋಡ್ ನಡೆಯದಿದ್ದರೆ ತಪ್ಪು ನಿಮ್ಮ ಕೋಡಿನದೇ ಆಗಿರಬೇಕೆಂದಿಲ್ಲ. ಅದೇ ಲಿಂಕನ್ನು ಕ್ರೋಮ್‌ನಲ್ಲಿ ತೆರೆಯಲು ಹೇಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸರ್ವರ್ ಲಾಗಿನ ಯೂಸರ್ ಏಜೆಂಟ್ ಸಾಲನ್ನು (ಬ್ರೌಸರ್ ತನ್ನ ಗುರುತು ಹೇಳಿಕೊಳ್ಳುವ ಸಾಲು) ನಂಬಿ ಕೂರಬೇಡಿ. ಆಂಡ್ರಾಯ್ಡ್ ಕ್ರೋಮ್ ಈಗ ಯಾವ ಫೋನಾದರೂ "ಆಂಡ್ರಾಯ್ಡ್ 10" ಎಂದೂ, ಮಾದರಿಯ ಜಾಗದಲ್ಲಿ "ಕೆ" ಎಂಬ ಒಂದಕ್ಷರವನ್ನೂ ಹೇಳುತ್ತದೆ. ಐಪ್ಯಾಡ್ ತನ್ನನ್ನು ಮ್ಯಾಕ್ ಎಂದು ಕರೆದುಕೊಳ್ಳುತ್ತದೆ. ನಿಜವಾದ ಆವೃತ್ತಿ ಬೇಕಿದ್ದರೆ ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ ಹೇಳಬೇಕು.

ಇನ್ನೊಂದು ಮಾತು. ಐಫೋನಿನಲ್ಲಿ "ನಾನು ಕ್ರೋಮ್ ಬಳಸ್ತೀನಿ" ಎಂದವರು ಬಳಸುತ್ತಿರುವುದೂ ಸಫಾರಿಯ ಎಂಜಿನ್ (ಪುಟವನ್ನು ಓದಿ ತೋರಿಸುವ ಒಳಗಿನ ತಂತ್ರಾಂಶ) ಆದ ವೆಬ್‌ಕಿಟ್ಟನ್ನೇ. 2024ರಲ್ಲಿ ಐಒಎಸ್ 17.4 ಬಂದಾಗ ಬೇರೆ ಎಂಜಿನ್‌ಗೆ ಅವಕಾಶ ಸಿಕ್ಕಿದ್ದು ಐರೋಪ್ಯ ಒಕ್ಕೂಟದಲ್ಲಿ. ಭಾರತದಲ್ಲಿ ಕೊಂಡ ಐಫೋನಿನ ಕ್ರೋಮ್‌ನಲ್ಲಿ ಕಂಡ ದೋಷವನ್ನು ವಿಂಡೋಸ್‌ ಕ್ರೋಮ್‌ನಲ್ಲಿ ಹುಡುಕುವುದು ವ್ಯರ್ಥ.

ದೋಷವನ್ನು ನಿಮ್ಮ ಮೇಜಿಗೆ ತರುವುದು

ಕಂಪ್ಯೂಟರ್ ಬ್ರೌಸರಿನ ಡೆವ್‌ಟೂಲ್ಸ್ (ಪುಟವನ್ನು ತಪಾಸಿಸುವ ಸಲಕರಣೆ) ಒಳಗಿನ ಮೊಬೈಲ್ ನೋಟ ಅಗಲವನ್ನು ಕಿರಿದು ಮಾಡುತ್ತದೆ, ಬೆರಳಿನ ಸ್ಪರ್ಶವನ್ನು ನಟಿಸುತ್ತದೆ, ಯೂಸರ್ ಏಜೆಂಟ್ ಬದಲಿಸುತ್ತದೆ. ಅಷ್ಟೇ. ಎಂಜಿನ್ ಕಂಪ್ಯೂಟರಿನದೇ, ಫಾಂಟ್ ಕೂಡ ಕಂಪ್ಯೂಟರಿನದೇ. ವಿಂಡೋಸ್‌ನಲ್ಲಿ ಕನ್ನಡ ಬರುವುದು ನಿರ್ಮಲಾ ಯುಐ ಫಾಂಟಿನಿಂದ (ತೀರಾ ಹಳೆಯ ಯಂತ್ರಗಳಲ್ಲಿ ತುಂಗಾ), ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ ಫಾಂಟಿನಿಂದ, ಆ್ಯಪಲ್ ಸಾಧನಗಳಲ್ಲಿ ಆ್ಯಪಲ್ ಜೊತೆಗೆ ಕೊಡುವ ಫಾಂಟಿನಿಂದ. ಒಂದೇ 16 ಪಿಕ್ಸೆಲ್ ಎಂದು ಬರೆದರೂ ಇವುಗಳ ಅಗಲ, ಎತ್ತರ, ಒತ್ತಿನ ಆಳ ಬೇರೆ ಬೇರೆ. ನಿಮ್ಮ ಯಂತ್ರದಲ್ಲಿ ಬಟನ್ನಿನೊಳಗೆ ಚೊಕ್ಕವಾಗಿ ಕೂತ "ಮುಂದುವರಿಸಿ" ಫೋನಿನಲ್ಲಿ ಎರಡು ಸಾಲಾಗಲು ಇಷ್ಟು ಸಾಕು.

ಆದ್ದರಿಂದ ನಿಜವಾದ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಅಲ್ಲಿ ಬಿಲ್ಡ್ ನಂಬರಿನ ಮೇಲೆ 7 ಬಾರಿ ಒತ್ತಿ. ಡೆವಲಪರ್ ಆಯ್ಕೆಗಳು ತೆರೆದುಕೊಂಡ ಮೇಲೆ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಕ್ರೋಮ್://ಇನ್‌ಸ್ಪೆಕ್ಟ್ ವಿಳಾಸಕ್ಕೆ ಹೋದರೆ ಫೋನಿನಲ್ಲಿ ತೆರೆದಿರುವ ಟ್ಯಾಬುಗಳ ಪಟ್ಟಿ ಬರುತ್ತದೆ. ಬರದಿದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ, ಏಕೆಂದರೆ ಚಾರ್ಜಿಗೆ ಮಾತ್ರ ಆಗುವ ಕೇಬಲ್ಲುಗಳೂ ಇವೆ. ಎರಡನೆಯದು, ಫೋನಿನ ಪರದೆಯಲ್ಲಿ ಅನುಮತಿ ಕೇಳುವ ಪೆಟ್ಟಿಗೆ ಯಾರೂ ಒತ್ತದೆ ಹಾಗೇ ನಿಂತಿರಬಹುದು. ಅದೇ ಪುಟದ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ 3000 ಎಂದೋ 8080 ಎಂದೋ ಕೊಟ್ಟರೆ ನಿಮ್ಮ ಯಂತ್ರದ ಲೋಕಲ್‌ಹೋಸ್ಟ್ ಫೋನಿನಲ್ಲೇ ತೆರೆಯುತ್ತದೆ.

ಐಫೋನಿಗೆ ಮ್ಯಾಕ್ ಬೇಕು. ಫೋನಿನಲ್ಲಿ ಸಫಾರಿಯ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ವೆಬ್ ಇನ್‌ಸ್ಪೆಕ್ಟರ್ ಆನ್. ಮ್ಯಾಕಿನ ಸಫಾರಿಯಲ್ಲಿ ಅಡ್ವಾನ್ಸ್ಡ್ ಟ್ಯಾಬಿನಿಂದ ಡೆವಲಪ್ ಮೆನು ತೋರಿಸುವಂತೆ ಮಾಡಿ. ಮ್ಯಾಕ್ ಇಲ್ಲದವರು ಪ್ಲೇರೈಟ್ (ಬ್ರೌಸರ್ ಪರೀಕ್ಷೆಯ ತಂತ್ರಾಂಶ) ಜೊತೆ ಬರುವ ವೆಬ್‌ಕಿಟ್ಟನ್ನು ವಿಂಡೋಸ್ ಅಥವಾ ಲಿನಕ್ಸ್‌ನಲ್ಲಿ ಓಡಿಸಬಹುದು. ಚೌಕಟ್ಟಿನ ಮತ್ತು ಸ್ಕ್ರಿಪ್ಟಿನ ಅನೇಕ ದೋಷಗಳು ಅದರಲ್ಲೂ ಕಾಣುತ್ತವೆ. ಫಾಂಟಿನ ದೋಷ ಮತ್ತು ಕೀಬೋರ್ಡ್ ಮೇಲೆದ್ದಾಗಿನ ದೋಷ ಕಾಣುವುದಿಲ್ಲ. ಅವಕ್ಕೆ ಬಾಡಿಗೆಗೆ ಸಿಗುವ ಡಿವೈಸ್ ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ ನಿಜವಾದ ಫೋನುಗಳು), ಇಲ್ಲವೇ ಪಕ್ಕದ ಮೇಜಿನವರ ಫೋನ್.

ಅಕ್ಷರ ಕೆಟ್ಟಿದ್ದರೆ

ಪ್ರತಿ ಸಲವೂ ಈ ಸಾಲನ್ನು ಪುಟದ ಶೀರ್ಷಿಕೆ, ಮೈಬರಹ, ಬಟನ್, ಮೆನು ನಾಲ್ಕೂ ಕಡೆ ಅಂಟಿಸಿ ನೋಡಿ: ರಾಷ್ಟ್ರೀಯ, ಸ್ತ್ರೀ, ಲಕ್ಷ್ಮೀ, ವೈಶಿಷ್ಟ್ಯ, ಕರ್ತೃ, ಜ್ಞಾನ, ಅರ್ಥ, ಬ್ರೌಸರ್‌ಗಳು, ರ‍್ಯಾಂಕ್, ₹1,25,000. ಎರಡು ಅಂತಸ್ತಿನ ಒತ್ತು, ಅರ್ಕಾವತ್ತು, ದೀರ್ಘ, ಕಣ್ಣಿಗೆ ಕಾಣದ ಜೋಡಕ (ಅಕ್ಷರಗಳನ್ನು ಕೂಡಿಸುವ ಇಲ್ಲವೇ ಬೇರೆಯಾಗಿಡುವ ಗುರುತು), ರೂಪಾಯಿ ಚಿಹ್ನೆ ಎಲ್ಲವೂ ಇದರಲ್ಲಿವೆ. ಲೋರೆಮ್ ಇಪ್ಸಮ್ ಎಂಬ ಅರ್ಥವಿಲ್ಲದ ತುಂಬುಪಠ್ಯ ಇಟ್ಟು ವಿನ್ಯಾಸ ಮಾಡಿ ಕೊನೆಗೆ ಕನ್ನಡ ತುಂಬುವ ಅಭ್ಯಾಸವೇ ಅರ್ಧ ದೂರುಗಳ ಮೂಲ.

ಒತ್ತಕ್ಷರದ ಕಾಲು ಕತ್ತರಿಸಿದ್ದರೆ, ಅಂದರೆ "ರಾಷ್ಟ್ರ"ದಲ್ಲಿ ಟ ಒತ್ತು ಇದೆ, ರ ಒತ್ತು ಅರ್ಧವಿದೆ ಎಂದಾದರೆ, ಸಾಲಿನ ಎತ್ತರವನ್ನು ನೋಡಿ. ಇಂಗ್ಲಿಷ್ ಟೆಂಪ್ಲೇಟುಗಳು ಲೈನ್-ಹೈಟ್ 1.2 ಇಟ್ಟಿರುತ್ತವೆ, ಕನ್ನಡಕ್ಕೆ 1.6ರಿಂದ 1.8 ಬೇಕು. ಆದರೆ ಲೈನ್-ಹೈಟ್ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಕತ್ತರಿಸುವುದು ಓವರ್‌ಫ್ಲೋ ಹಿಡನ್ (ಪೆಟ್ಟಿಗೆಯಿಂದ ಹೊರಚಾಚಿದ್ದನ್ನು ಮರೆಮಾಡುವ ಸಾಲು). ಸುದ್ದಿಯ ತಲೆಬರಹವನ್ನು ಎರಡೇ ಸಾಲಿಗೆ ನಿಲ್ಲಿಸಲು ಹಾಕುವ ಲೈನ್-ಕ್ಲ್ಯಾಂಪ್ ಜೊತೆ ಅದು ಇದ್ದೇ ಇರುತ್ತದೆ. ಲೈನ್-ಹೈಟ್ ಹೆಚ್ಚಿಸಿ, ಸಾಲದಿದ್ದರೆ ಆ ಪೆಟ್ಟಿಗೆಗೆ ಕೆಳಗೆ 0.2 ಇಎಂ ಪ್ಯಾಡಿಂಗ್ ಕೊಡಿ. ಬಟನ್ನಿಗೆ ಹೈಟ್ 40 ಪಿಕ್ಸೆಲ್ ಎಂದು ಕಟ್ಟಿಹಾಕಿದ್ದರೆ ಅದನ್ನು ಮಿನ್-ಹೈಟ್ ಮಾಡಿ.

ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತು, "ಶಕ್ತಿ" ಎಂಬುದು ಶ, ಕ್, ತಿ ಎಂದು ಬಿಡಿಬಿಡಿಯಾಗಿ ಕಂಡರೆ ಪುಟವನ್ನು ಮತ್ತೆ ಲೋಡ್ ಮಾಡಿ, ಮೊದಲ ಅರ್ಧ ಸೆಕೆಂಡನ್ನು ಕಣ್ಣಿಟ್ಟು ನೋಡಿ. ಮೊದಲು ಸರಿಯಿದ್ದು ಆಮೇಲೆ ಕೆಟ್ಟರೆ ತಪ್ಪು ನಿಮ್ಮ ವೆಬ್‌ಫಾಂಟಿನದು: ಮೊದಲು ಕಂಡದ್ದು ಫೋನಿನ ಸ್ವಂತ ಫಾಂಟ್, ಕೆಡಿಸಿದ್ದು ಆಮೇಲೆ ಇಳಿದು ಬಂದದ್ದು. ಫೈಲಿನ ಗಾತ್ರ ಇಳಿಸಲು ಬೇಡದ ಅಕ್ಷರಗಳನ್ನು ತೆಗೆಯುವಾಗ ಒತ್ತುಗಳನ್ನು ಜೋಡಿಸುವ ಜಿಸಬ್ ಕೋಷ್ಟಕವೂ ಹೋಗಿರುತ್ತದೆ. ಮೂಲ ಫಾಂಟಿನಿಂದ ಮತ್ತೆ ಕತ್ತರಿಸಿ, ಈ ಸಲ ಲೇಔಟ್ ಫೀಚರುಗಳನ್ನೆಲ್ಲ ಉಳಿಸಿಕೊಂಡು. ಮೊದಲಿನಿಂದಲೂ ಕೆಟ್ಟಿದ್ದರೆ ಲೆಟರ್-ಸ್ಪೇಸಿಂಗ್ ಹುಡುಕಿ. ಇಂಗ್ಲಿಷ್ ಶೀರ್ಷಿಕೆಗೆ ಅಂದ ಕೊಡಲೆಂದು ಹಾಕಿದ 1 ಪಿಕ್ಸೆಲ್ ಅಂತರ ಕನ್ನಡದಲ್ಲಿ ಒತ್ತನ್ನೂ ದೀರ್ಘವನ್ನೂ ಅಕ್ಷರದಿಂದ ದೂರ ತಳ್ಳಬಲ್ಲದು, ತಳ್ಳುವ ಪ್ರಮಾಣ ಬ್ರೌಸರಿನಿಂದ ಬ್ರೌಸರಿಗೆ ಬೇರೆ. ಕನ್ನಡ ಪಠ್ಯಕ್ಕೆ ಅದನ್ನು ನಾರ್ಮಲ್ ಮಾಡಿಬಿಡಿ, ಬೇರೆ ದಾರಿ ಹುಡುಕುವಷ್ಟು ಲಾಭ ಅದರಲ್ಲಿಲ್ಲ.

ಯಾವ ಫಾಂಟ್ ಬಂದಿದೆ ಎಂದು ಊಹಿಸಬೇಕಿಲ್ಲ. ಎಲಿಮೆಂಟ್ಸ್ ಪ್ಯಾನೆಲಿನಲ್ಲಿ ಪಠ್ಯವನ್ನು ಆರಿಸಿ ಕಂಪ್ಯೂಟೆಡ್ ಟ್ಯಾಬಿನ ತಳಕ್ಕೆ ಹೋದರೆ ರೆಂಡರ್ಡ್ ಫಾಂಟ್ಸ್ ಎಂದಿರುತ್ತದೆ, ಯಾವ ಫಾಂಟಿನಿಂದ ಎಷ್ಟು ಗ್ಲಿಫ್ (ಅಕ್ಷರರೂಪ) ಬಂದಿವೆ ಎಂಬ ಲೆಕ್ಕದೊಂದಿಗೆ. ಫೈರ್‌ಫಾಕ್ಸ್‌ನಲ್ಲಿ ಫಾಂಟ್ಸ್ ಎಂಬ ಪ್ರತ್ಯೇಕ ಟ್ಯಾಬ್ ಇದೆ. ಒಂದೇ ವಾಕ್ಯದಲ್ಲಿ ಎರಡು ಕನ್ನಡ ಫಾಂಟ್ ಕಂಡರೆ ಯುನಿಕೋಡ್-ರೇಂಜ್ (ಯಾವ ಯುನಿಕೋಡ್ ಸಂಖ್ಯೆಗಳ ಅಕ್ಷರಗಳಿಗೆ ಈ ಫಾಂಟ್ ಎಂದು ಹೇಳುವ ಸಿಎಸ್‌ಎಸ್ ಸಾಲು) ನೋಡಿ. 0ಸಿ80ರಿಂದ 0ಸಿಎಫ್‌ಎಫ್ ಎಂದಷ್ಟೇ ಬರೆದರೆ ಕನ್ನಡದ ಅಕ್ಷರಗಳು ಬಂದವು, ಆದರೆ ಜೋಡಕಗಳು (200ಸಿ, 200ಡಿ), ದಂಡಗಳು (0964, 0965), ರೂಪಾಯಿ ಚಿಹ್ನೆ (20ಬಿ9) ಹೊರಗೇ ಉಳಿದವು. ಅವನ್ನೂ ಸೇರಿಸಿ.

"ಬ್ರೌಸರ್‌ಗಳು" ಎಂದು ಬರೆದದ್ದು "ಬ್ರೌಸರ್ಗಳು" ಎಂದು ಅರ್ಕಾವತ್ತಿನೊಡನೆ ಮೂಡಿದರೆ ಫಾಂಟನ್ನು ಬೈಯಬೇಡಿ. ರ್ ಆದ ಮೇಲೆ ಇದ್ದ ಅದೃಶ್ಯ ಅಕ್ಷರ, 200ಸಿ, ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಪರೀಕ್ಷೆ ಸುಲಭ: ಪದವನ್ನು ಕನ್ಸೋಲಿನಲ್ಲಿ ಅಂಟಿಸಿ ಲೆಂಗ್ತ್ ಕೇಳಿ. ಸರಿಯಾದದ್ದು 11 ಕೊಡುತ್ತದೆ, ಕೆಟ್ಟದ್ದು 10. ಡೇಟಾಬೇಸಿನಲ್ಲೂ 10 ಇದ್ದರೆ, ಫಾರ್ಮ್ ಸ್ವೀಕರಿಸುವಾಗ ಕಾಣದ ಅಕ್ಷರಗಳನ್ನೆಲ್ಲ ಅಳಿಸುವ ಶುದ್ಧೀಕರಣ ಕೋಡ್ ಅದನ್ನು ತಿಂದಿದೆ. 200ಸಿ ಮತ್ತು 200ಡಿ ಎರಡಕ್ಕೂ ಅಲ್ಲಿ ವಿನಾಯಿತಿ ಕೊಡಿ. "ರ‍್ಯಾಂಕ್" ಪದದಲ್ಲಿ ರ, 200ಡಿ, ಹಲಂತ, ಯ ಎಂಬ ಸರಣಿ ಇದೆ. 200ಡಿ ಹೋದರೆ ಅದು "ರ್ಯಾಂಕ್" ಆಗುತ್ತದೆ. ಹುಡುಕಾಟದ ಇಂಡೆಕ್ಸಿನಲ್ಲಿ ಮಾತ್ರ ಇದರ ತಿರುವುಮುರುವು: ಅಲ್ಲಿ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದು ಅಕ್ಷರಕ್ಕೆ ಒಂದೇ ಬಗೆಯ ಸಂಕೇತ) ತಂದು, 200ಸಿ ತೆಗೆದು ಇಡಬೇಕು. ಇಲ್ಲದಿದ್ದರೆ ಒಬ್ಬರು ಜೋಡಕ ಹಾಕಿ ಬರೆದ ಪದ ಇನ್ನೊಬ್ಬರು ಹಾಕದೆ ಹುಡುಕಿದಾಗ ಸಿಗುವುದಿಲ್ಲ.

ಪದದ ನಡುವೆ ಚುಕ್ಕಿಗಳ ವೃತ್ತ ಕಂಡರೆ ಸ್ವರಚಿಹ್ನೆ ಅಥವಾ ಹಲಂತ ತನ್ನ ವ್ಯಂಜನವನ್ನು ಕಳೆದುಕೊಂಡಿದೆ ಎಂದರ್ಥ. ಕೈತಪ್ಪಿ ಎರಡು ಸಲ ಒತ್ತಿದ ಸ್ವರಚಿಹ್ನೆ ಒಂದು ಕಾರಣ. ಹೆಚ್ಚು ಸಲ ಕಾರಣ ಸ್ಕ್ರಿಪ್ಟ್. "ಸ್ತ್ರೀ" ಕಣ್ಣಿಗೆ ಒಂದಕ್ಷರ, ಜಾವಾಸ್ಕ್ರಿಪ್ಟ್‌ಗೆ ಆರು. ಸಾರಾಂಶವನ್ನು 100 ಅಕ್ಷರಕ್ಕೆ ಕತ್ತರಿಸುವ ಸ್ಲೈಸ್, ಒಂದೊಂದೇ ಅಕ್ಷರ ಮೂಡಿಸುವ ಅನಿಮೇಶನ್, ಹುಡುಕಿದ ಪದಕ್ಕೆ ಹಳದಿ ಬಳಿಯುವ ಕೋಡ್ ಎಲ್ಲವೂ ಈ ಆರರ ನಡುವೆ ಎಲ್ಲಿ ಬೇಕಾದರೂ ಕತ್ತಿ ಇಡಬಲ್ಲವು. ಪಠ್ಯ ತುಂಡರಿಸಲೆಂದೇ ಇರುವ ಇಂಟ್ಲ್ ಸೆಗ್ಮೆಂಟರ್ ಬಳಸಿದರೂ ಗ್ರಾಫೀಮ್ (ಕಣ್ಣಿಗೆ ಕಾಣುವ ಒಂದಕ್ಷರ) ಮಟ್ಟದಲ್ಲಿ ಅದು ಹಲಂತದ ಬಳಿ ತುಂಡರಿಸಬಹುದು. ಕನ್ನಡದಲ್ಲಿ ಪದವನ್ನೇ ಘಟಕವಾಗಿ ಹಿಡಿಯುವುದು ಕ್ಷೇಮ. ಇದೇ ಕಾರಣಕ್ಕೆ ಲೇಖನದ ಮೊದಲಕ್ಷರವನ್ನು ದೊಡ್ಡದಾಗಿಸುವ ಫಸ್ಟ್-ಲೆಟರ್ ಶೈಲಿಯನ್ನೂ ಬಿಡಿ: "ಕ್ರಾಂತಿ" ಎಂದು ಶುರುವಾಗುವ ಲೇಖನ ಬರುವವರೆಗೆ ಅದು ಚೆನ್ನಾಗಿಯೇ ಇರುತ್ತದೆ.

ಹಳೆಯ ಸರ್ಕಾರಿ, ಸಂಘಸಂಸ್ಥೆಗಳ ಪುಟಗಳಲ್ಲಿ ಇನ್ನೊಂದು ಬಗೆ ಸಿಗುತ್ತದೆ: ಕನ್ನಡದ ಜಾಗದಲ್ಲಿ ತಲೆಮೇಲೆ ಗೆರೆ-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಂದಲ. ಅದು ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯ. ಆ ಫಾಂಟನ್ನು ವೆಬ್‌ಫಾಂಟಾಗಿ ಹಾಕಿ ಮುಚ್ಚಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಹುಡುಕಾಟ, ನಕಲು ಮಾಡುವುದು, ಓದಿ ಹೇಳುವ ತಂತ್ರಾಂಶ ಯಾವುದೂ ಕೆಲಸ ಮಾಡದು. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ ಸರಿಪಡಿಸಿ. ಜೊತೆಗೆ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ ಗುಣಕ್ಕೆ ಕೆಎನ್ ಎಂದು ಕೊಟ್ಟಿದೆಯೇ ನೋಡಿ. ಟೆಂಪ್ಲೇಟಿನಿಂದ ಬಂದ ಇಎನ್ ಹಾಗೇ ಉಳಿದಿರುತ್ತದೆ, ಆಗ ಓದಿ ಹೇಳುವ ತಂತ್ರಾಂಶ ಕನ್ನಡಕ್ಕೆ ಇಂಗ್ಲಿಷ್ ದನಿಯನ್ನು ಆರಿಸಿಕೊಳ್ಳುತ್ತದೆ.

ಚೌಕಟ್ಟು ಕೆಟ್ಟಿದ್ದರೆ

ಇಡೀ ಪುಟ ಇರುವೆಯಷ್ಟು ಚಿಕ್ಕದಾಗಿ ಕಂಡರೆ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲ. ಅದಿಲ್ಲದಿದ್ದರೆ ಫೋನ್ ಪುಟವನ್ನು 980 ಪಿಕ್ಸೆಲ್ ಅಗಲವೆಂದು ಊಹಿಸಿ ಕುಗ್ಗಿಸುತ್ತದೆ. ಅಗಲಕ್ಕೆ ಡಿವೈಸ್-ವಿಡ್ತ್, ಇನಿಶಿಯಲ್-ಸ್ಕೇಲ್‌ಗೆ 1. ಜೂಮ್ ತಡೆಯುವ ಯಾವುದನ್ನೂ ಸೇರಿಸಬೇಡಿ.

ಪುಟ ಪಕ್ಕಕ್ಕೆ ಜರುಗಾಡಿದರೆ ಯಾವುದೋ ಒಂದು ವಸ್ತು ಪರದೆಯಾಚೆ ಚಾಚಿದೆ. ಎಲ್ಲ ಎಲಿಮೆಂಟುಗಳಿಗೂ ತಾತ್ಕಾಲಿಕವಾಗಿ ಕೆಂಪು ಔಟ್‌ಲೈನ್ ಹಾಕಿ 320 ಮತ್ತು 360 ಪಿಕ್ಸೆಲ್ ಅಗಲದಲ್ಲಿ ನೋಡಿ. ಬಾರ್ಡರ್ ಬೇಡ, ಅದು ತಾನೇ ಜಾಗ ತಿಂದು ಲೆಕ್ಕ ಕೆಡಿಸುತ್ತದೆ. ಕನ್ನಡದಲ್ಲಿ ಸಾಮಾನ್ಯ ಅಪರಾಧಿ ಉದ್ದ ಪದ: "ಅನುಷ್ಠಾನಗೊಳಿಸಬೇಕಾಗಿರುವುದರಿಂದ" ಎಂಬಂಥದ್ದು ದೊಡ್ಡ ಶೀರ್ಷಿಕೆಯಲ್ಲಿ ಬಂದರೆ 360 ಪಿಕ್ಸೆಲ್ ಸಾಲದು. ಓವರ್‌ಫ್ಲೋ-ರ‍್ಯಾಪ್‌ಗೆ ಎನಿವೇರ್ ಕೊಡಿ. ಸಫಾರಿ ಇದನ್ನು ಅರ್ಥ ಮಾಡಿಕೊಳ್ಳುವುದು 15.4ರಿಂದ, ಹಳೆಯದಕ್ಕೆ ಮೇಲಿನ ಸಾಲಿನಲ್ಲಿ ಬ್ರೇಕ್-ವರ್ಡ್ ಇರಲಿ. ವರ್ಡ್-ಬ್ರೇಕ್‌ಗೆ ಬ್ರೇಕ್-ಆಲ್ ಕೊಟ್ಟು ಕೈತೊಳೆದುಕೊಂಡರೆ ಚಿಕ್ಕ ಪದಗಳೂ ನಡುವೆ ಮುರಿಯುತ್ತವೆ. ಫ್ಲೆಕ್ಸ್ ಒಳಗಿನ ಪೆಟ್ಟಿಗೆ ಕುಗ್ಗದಿದ್ದರೆ ಅದಕ್ಕೆ ಮಿನ್-ವಿಡ್ತ್ 0.

ಮ್ಯಾಕಿನಲ್ಲೂ ಫೋನಿನಲ್ಲೂ ಸರಿಯಿದ್ದು ವಿಂಡೋಸ್‌ನಲ್ಲಿ ಮಾತ್ರ ಅಡ್ಡ ಸ್ಕ್ರಾಲ್ ಬಾರ್ ಬಂದರೆ 100 ವಿಡಬ್ಲ್ಯು (ಕಿಟಕಿಯ ಪೂರ್ತಿ ಅಗಲ) ಹುಡುಕಿ. ಆ ಅಳತೆಯಲ್ಲಿ ನಿಂತ ಸ್ಕ್ರಾಲ್ ಬಾರಿನ ಅಗಲವೂ ಸೇರಿರುತ್ತದೆ, ವಿಂಡೋಸ್‌ನಲ್ಲಿ ಅದು ಸುಮಾರು 15ರಿಂದ 17 ಪಿಕ್ಸೆಲ್. ನೂರು ಪ್ರತಿಶತ ಎಂದು ಬರೆದರೆ ಮುಗಿಯಿತು. ಬಾಡಿ ಟ್ಯಾಗಿಗೆ ಓವರ್‌ಫ್ಲೋ-ಎಕ್ಸ್ ಹಿಡನ್ ಹಾಕಿ ದೋಷ ಮುಚ್ಚಿದವರಿಗೆ ಮಾರನೆಯ ದಿನ ಬೇರೆ ದೂರು ಬರಬಹುದು: ಅಂಟಿ ನಿಲ್ಲಬೇಕಾದ ಸ್ಟಿಕಿ ಮೆನು ಅಂಟುತ್ತಿಲ್ಲ ಎಂದು.

ಫೋನಿನಲ್ಲಿ ತಳದ ಬಟನ್ ಕಾಣದೆ, ಸ್ವಲ್ಪ ಸ್ಕ್ರಾಲ್ ಮಾಡಿದ ಮೇಲೆ ಕಂಡರೆ ಕಾರಣ 100 ವಿಎಚ್ (ಪರದೆಯ ಪೂರ್ತಿ ಎತ್ತರ). ವಿಳಾಸ ಪಟ್ಟಿ ಮರೆಯಾದ ಮೇಲಿನ ಎತ್ತರವನ್ನು ಅದು ಎಣಿಸುತ್ತದೆ, ಪಟ್ಟಿ ಇರುವಾಗ ತಳ ಹೊರಗೆ ಬೀಳುತ್ತದೆ. ಅದರ ಕೆಳಗಿನ ಸಾಲಿನಲ್ಲಿ 100 ಎಸ್‌ವಿಎಚ್ (ಪಟ್ಟಿ ಇರುವಾಗಿನ ಚಿಕ್ಕ ಎತ್ತರ) ಬರೆಯಿರಿ. ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108ರಿಂದ ಇದು ನಡೆಯುತ್ತದೆ, ಹಳೆಯವು ಮೇಲಿನ ಸಾಲನ್ನೇ ಹಿಡಿಯುತ್ತವೆ. ಡಿವಿಎಚ್ (ಪಟ್ಟಿಯ ಜೊತೆ ಬದಲಾಗುವ ಎತ್ತರ) ಹಾಕಿದರೆ ಪಟ್ಟಿ ಬಂದು ಹೋಗುವಾಗ ಪುಟವೇ ಕುಣಿಯುತ್ತದೆ.

ಐಫೋನಿನಲ್ಲಿ ಫಾರ್ಮಿನ ಖಾನೆ ಮುಟ್ಟಿದ ಕೂಡಲೇ ಪುಟ ಜೂಮ್ ಆದರೆ ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದೆ. 16 ಮಾಡಿ. ಕೀಬೋರ್ಡ್ ಎದ್ದಾಗ ತಳಕ್ಕೆ ಕಟ್ಟಿದ ಪಟ್ಟಿ ಅದರ ಹಿಂದೆ ಅಡಗಿದರೆ, ಅದು ಆಂಡ್ರಾಯ್ಡ್ ಕ್ರೋಮ್ 108ರಿಂದ ಬದಲಾದ ನಡವಳಿಕೆ: ಕೀಬೋರ್ಡ್ ಈಗ ಪುಟದ ಚೌಕಟ್ಟನ್ನು ಕುಗ್ಗಿಸುವುದಿಲ್ಲ. ಅಂಥ ಪಟ್ಟಿಯನ್ನು ಫಾರ್ಮಿನ ಹರಿವಿನೊಳಗೇ ಇಡುವುದು ಎಲ್ಲ ಕಡೆ ನಡೆಯುವ ಪರಿಹಾರ.

ಸ್ಕ್ರಿಪ್ಟ್ ಕೆಟ್ಟಿದ್ದರೆ

ಪುಟ ಪೂರ್ತಿ ಬಿಳಿಯಾಗಿದ್ದು, ಅದು ಹಳೆಯ ಐಫೋನಿನಲ್ಲಿ ಮಾತ್ರ ಆದರೆ ಕನ್ಸೋಲಿನ ಮೊದಲ ಕೆಂಪು ಸಾಲನ್ನು ಓದಿ, ಉಳಿದವು ಅದರ ಮರಿಗಳು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಕುರಿತ ಸಿಂಟ್ಯಾಕ್ಸ್ ದೋಷವಾದರೆ ಲುಕ್‌ಬಿಹೈಂಡ್ (ಹಿಂದೆ ಏನಿದೆ ಎಂದು ನೋಡುವ ಅದರ ಭಾಗ) ಹುಡುಕಿ. ಸಫಾರಿಗೆ ಅದು ಬಂದದ್ದು 2023ರ 16.4ರಲ್ಲಿ. ಅದಕ್ಕೂ ಹಿಂದಿನದರಲ್ಲಿ ಒಂದೇ ಒಂದು ಲುಕ್‌ಬಿಹೈಂಡ್ ಇದ್ದರೂ ಆ ಫೈಲ್ ಪೂರ್ತಿ ಓದಿಸಿಕೊಳ್ಳುವುದಿಲ್ಲ. ನೀವು ಬರೆಯದಿದ್ದರೂ ಯಾವುದೋ ಲೈಬ್ರರಿಯೊಳಗೆ ಇರಬಹುದು, ಬಂಡಲ್ ಆದ ಫೈಲಿನಲ್ಲೇ ಹುಡುಕಬೇಕು. ಟ್ರಾನ್ಸ್‌ಪೈಲರುಗಳು (ಹೊಸ ಕೋಡನ್ನು ಹಳೆಯ ಬ್ರೌಸರಿಗೆ ತಕ್ಕಂತೆ ಬದಲಿಸುವ ತಂತ್ರಾಂಶ) ಸಾಮಾನ್ಯವಾಗಿ ಇದನ್ನು ಬದಲಿಸಿ ಕೊಡುವುದಿಲ್ಲ.

ದಿನಾಂಕ ಒಂದು ದಿನ ಹಿಂದೆ ಬರುವುದು ಅಮೆರಿಕದ ಕನ್ನಡ ಕೂಟದವರಿಂದ ಬರುವಂಥ ದೂರು. "2025-03-30" ಎಂದು ದಿನಾಂಕವನ್ನಷ್ಟೇ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ ಎಂದು ತಿಳಿಯುತ್ತದೆ. ಬೆಂಗಳೂರಿನಲ್ಲಿ ಆಗ ಬೆಳಗಿನ 5:30, ತಾರೀಖು 30. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇನ್ನೂ 29ರ ಸಂಜೆ. ಹೀಗೆ ಯುಗಾದಿ ಅಲ್ಲಿ ಒಂದು ದಿನ ಮೊದಲೇ ಬಂದುಬಿಡುತ್ತದೆ. ಡೆವ್‌ಟೂಲ್ಸ್‌ನ ಸೆನ್ಸರ್ಸ್ ಪ್ಯಾನೆಲಿನಲ್ಲಿ ಊರು ಬದಲಿಸಿದರೆ ಇಲ್ಲೇ ಕೂತು ಇದನ್ನು ನೋಡಬಹುದು. ಹಬ್ಬ, ಜನ್ಮದಿನದಂಥವನ್ನು ವರ್ಷ, ತಿಂಗಳು, ದಿನ ಎಂದು ಬಿಡಿಸಿ ಕಟ್ಟಿ.

ಫಾರ್ಮ್ ಕನ್ನಡ ಹೆಸರನ್ನು ಒಪ್ಪದಿದ್ದರೆ ತಪಾಸಣೆಯ ಸೂತ್ರ ನೋಡಿ. ಎ-ಯಿಂದ-ಜೆಡ್ ಎಂಬುದನ್ನು ತೆಗೆದು ಯುನಿಕೋಡ್ ಅಕ್ಷರ ವರ್ಗ "ಎಲ್" ಹಾಕಿದವರೂ ಎಡವುತ್ತಾರೆ. ಕನ್ನಡದ ಸ್ವರಚಿಹ್ನೆ, ಹಲಂತ, ಅನುಸ್ವಾರಗಳು "ಎಂ" ವರ್ಗದವು. ಎರಡೂ ಬೇಕು, ಜೊತೆಗೆ 200ಸಿ, 200ಡಿ ಮತ್ತು ಇನಿಶಿಯಲ್ಲಿನ ಚುಕ್ಕಿ. ಮ್ಯಾಕ್ಸ್‌ಲೆಂಗ್ತ್ ಕೂಡ ನೋಡಿ: "ಶ್ರೀನಿವಾಸಮೂರ್ತಿ" ಕಣ್ಣಿಗೆ 6 ಅಕ್ಷರ, ಬ್ರೌಸರಿಗೆ 15, ಯುಟಿಎಫ್-8ರಲ್ಲಿ 45 ಬೈಟ್. ಆಂಡ್ರಾಯ್ಡ್ ಕೀಬೋರ್ಡಿನಲ್ಲಿ ಕೀ ಒತ್ತಿದಾಗ ಕೀಕೋಡ್ ಹೆಚ್ಚಾಗಿ 229 ಎಂದೇ ಬರುತ್ತದೆ, ಅದನ್ನು ನೆಚ್ಚಿದ ಕೋಡನ್ನು ಇನ್‌ಪುಟ್ ಘಟನೆಗೆ ಬದಲಿಸಿ. ಯಾರಾದರೂ ವಯಸ್ಸನ್ನು ೨೫ ಎಂದು ಬರೆದರೆ ನಂಬರ್ ಫಂಕ್ಷನ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಕನ್ನಡ ಅಂಕಿಗಳನ್ನು ಮೊದಲು ಬದಲಿಸಿಕೊಂಡು ಆಮೇಲೆ ಲೆಕ್ಕ ಹಾಕಿ.

ಹಳೆಯ ಪ್ರತಿ

ಇಷ್ಟರಲ್ಲಿ ಯಾವುದೂ ಸಿಗದೆ, ಒಬ್ಬರಿಗೆ ಮಾತ್ರ ಕೆಟ್ಟು ಅದೇ ಮಾದರಿಯ ಇನ್ನೊಂದು ಫೋನಿನಲ್ಲಿ ಸರಿಯಿದ್ದರೆ ಇನ್‌ಕಾಗ್ನಿಟೋದಲ್ಲಿ ತೆರೆಯಲು ಹೇಳಿ. ಅಲ್ಲಿ ಸರಿಬಂದರೆ ಹಳೆಯ ಸಿಎಸ್‌ಎಸ್ ಅಥವಾ ಸರ್ವೀಸ್ ವರ್ಕರ್ (ಪುಟದ ಪ್ರತಿಯನ್ನು ಫೋನಿನಲ್ಲೇ ಇಟ್ಟು ಕೊಡಬಲ್ಲ ಹಿನ್ನೆಲೆ ಸ್ಕ್ರಿಪ್ಟ್) ಕಾರಣ. ಕೇಬಲ್ಲಿನಲ್ಲಿ ಜೋಡಿಸಿದ ಫೋನಾದರೆ ಅಪ್ಲಿಕೇಶನ್ ಟ್ಯಾಬಿನಲ್ಲಿ ಸರ್ವೀಸ್ ವರ್ಕರನ್ನು ಅನ್‌ರಿಜಿಸ್ಟರ್ ಮಾಡಿ ಖಚಿತಪಡಿಸಿಕೊಳ್ಳಬಹುದು. ಊರಿನಲ್ಲಿರುವ ಓದುಗರಿಗೆ ಅದನ್ನು ಹೇಳಿಕೊಡಲಾಗದು. ಸಿಎಸ್‌ಎಸ್, ಸ್ಕ್ರಿಪ್ಟ್ ಫೈಲುಗಳ ಹೆಸರಿನಲ್ಲೇ ಪ್ರತಿ ಬಿಡುಗಡೆಗೆ ಬದಲಾಗುವ ಹ್ಯಾಶ್ ಇರಲಿ, ಎಚ್‌ಟಿಎಂಎಲ್‌ಗೂ ಸರ್ವೀಸ್ ವರ್ಕರ್ ಫೈಲಿಗೂ ಕ್ಯಾಶ್-ಕಂಟ್ರೋಲ್ ನೋ-ಕ್ಯಾಶ್ ಇರಲಿ. ಇನ್‌ಕಾಗ್ನಿಟೋದಲ್ಲೂ ಕೆಟ್ಟೇ ಇದ್ದರೆ ಆ ಫೋನಿನ ಅಕ್ಷರ ಗಾತ್ರದ ಸೆಟ್ಟಿಂಗ್ ಎಷ್ಟಿದೆ, ಬ್ರೌಸರಿನ ಬಲವಂತದ ಡಾರ್ಕ್ ಮೋಡ್ ಆನ್ ಇದೆಯೇ ಎಂದು ಕೇಳಿ. ನಿಮ್ಮ ಫೋನಿನಲ್ಲೂ ಅವೆರಡನ್ನೂ ಹಾಗೇ ಇಟ್ಟು, ಮೇಲಿನ ಪರೀಕ್ಷೆಯ ಸಾಲಿನಿಂದ ಮತ್ತೆ ಶುರು ಮಾಡಿ.